ಸೋನೆಮಳೆಯಲ್ಲಿ ಕಯೋಟಿ ಬೇಟೆ

ಮಳೆ ಹಿಡಿದ ದಿನ ಕಯೋಟಿ ಬೇಟೆಗೆ ಹೊರಡುವವರು ಕಡಿಮೆ. ಬಂದೂಕಿನ ಮೇಲಿನ ದುರ್ಬೀನಿಗೆ ಹಬೆ ಕಟ್ಟುತ್ತದೆ. ನಳಿಗೆಯೊಳಗೆ ನೀರು ಇಳಿಯದಂತೆ ಬಾಯಿಗೆ ಟೇಪು ಸುತ್ತಬೇಕು. ಪ್ರಾಣಿಯನ್ನು ಕರೆಯಲು ಊದುವ ಪೀಪಿಯ ನಾಲಗೆ ಒದ್ದೆಯಾಗಿ ಅಂಟಿಕೊಂಡರೆ ಮೊಲದ ಚೀರಾಟದ ಬದಲು ಬರೀ ಗಾಳಿ ಹೊರಬರುತ್ತದೆ. ಇಷ್ಟಿದ್ದರೂ ಅಮೆರಿಕದ ನೆಬ್ರಾಸ್ಕಾ, ಕಾನ್ಸಸ್, ಟೆಕ್ಸಾಸ್ ಬಯಲುಗಳಲ್ಲಿ ಸೋನೆ ಹಿಡಿಯುವ ದಿನಕ್ಕಾಗಿಯೇ ಕಾಯುವ ಬೇಟೆಗಾರರಿದ್ದಾರೆ. ಅವರು ಒಬ್ಬರೇ ಹೋಗುವುದಿಲ್ಲ, ಜೊತೆಗೊಬ್ಬ ಗೆಳೆಯನನ್ನು ಕರೆದೊಯ್ಯುತ್ತಾರೆ. ಮಳೆಯೂ ಬೇಕು, ಗೆಳೆಯನೂ ಬೇಕು ಎನ್ನುವುದರ ಹಿಂದಿನ ಮುಖ್ಯ ಕಾರಣ ಕಯೋಟಿಯ ಮೂಗು.

ಕಯೋಟಿ ನೋಡಲು ನಮ್ಮ ನರಿಯನ್ನೇ ಹೋಲುತ್ತದೆ. ಎರಡೂ ತೋಳ ಮತ್ತು ನಾಯಿಗಳ ಕುಲಕ್ಕೇ ಸೇರಿದವು. ಚೂಪು ಮೂತಿ, ನಿಮಿರಿದ ದೊಡ್ಡ ಕಿವಿ, ಬೂದು ಮತ್ತು ಕಂದು ಬೆರೆತ ಮೈ, ಕಪ್ಪು ತುದಿಯ ಪೊದೆಬಾಲ. ತೂಕ ಸಾಮಾನ್ಯವಾಗಿ 9ರಿಂದ 20 ಕಿಲೋ. ಓಟಕ್ಕೆ ಬಿದ್ದರೆ ಗಂಟೆಗೆ 60 ಕಿ.ಮೀ. ದಾಟಬಲ್ಲದು. ಮಿಸೌರಿ ನದಿಯ ದಂಡೆಯಲ್ಲಿ, ಇಂದಿನ ನೆಬ್ರಾಸ್ಕಾದಲ್ಲಿ, ಸ್ಟೀಫನ್ ಲಾಂಗ್ ಅವರ ಪರಿಶೋಧನಾ ತಂಡ 1819ರ ಚಳಿಗಾಲದಲ್ಲಿ ಬಿಡಾರ ಹೂಡಿತ್ತು. ಆ ತಂಡದಲ್ಲಿದ್ದ ಪ್ರಾಣಿವಿಜ್ಞಾನಿ ಥಾಮಸ್ ಸೇ ಈ ಪ್ರಾಣಿಯನ್ನು ಅಲ್ಲಿ ಪರಿಶೀಲಿಸಿ, 1823ರಲ್ಲಿ ವೈಜ್ಞಾನಿಕ ವಿವರ ಪ್ರಕಟವಾದಾಗ ಕ್ಯಾನಿಸ್ ಲ್ಯಾಟ್ರಾನ್ಸ್ ಎಂಬ ಹೆಸರು ಕೊಟ್ಟರು. ಬಯಲುಸೀಮೆಯ ಮೂಲನಿವಾಸಿಗಳಿಗೆ ಅದು ಸಾವಿರಾರು ವರ್ಷಗಳ ಪರಿಚಯ. ಅವರ ಕತೆಗಳಲ್ಲಿ ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸುವ ಪಾತ್ರ ಕಯೋಟಿಯದು.

ಬೇಟೆಯ ವಿಧಾನ ಸರಳ. ಕಯೋಟಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಅದನ್ನೇ ಕರೆಸಿಕೊಳ್ಳುತ್ತಾರೆ. ಪೊದೆಯ ಮರೆಯಲ್ಲಿ ಕುಳಿತು, ಸಾಯುತ್ತಿರುವ ಮೊಲ ಚೀರುವಂಥ ದನಿಯನ್ನು ಪೀಪಿಯಿಂದ ಹೊರಡಿಸುತ್ತಾರೆ. 1950ರ ದಶಕದಲ್ಲಿ ಟೆಕ್ಸಾಸ್‌ನ ಬರ್ನ್‌ಹ್ಯಾಮ್ ಸಹೋದರರು ಇಂಥ ಪೀಪಿಗಳನ್ನು ಮಾರಾಟಕ್ಕೆ ತಂದು ಹೆಸರಾದರು. ಈಗ ರಿಮೋಟ್ ಒತ್ತಿದರೆ ಮೊಲ, ಇಲಿ, ಹಕ್ಕಿ, ಕಯೋಟಿ ಮರಿ, ಯಾರ ಗೋಳನ್ನು ಬೇಕಾದರೂ ಕೇಳಿಸುವ ಎಲೆಕ್ಟ್ರಾನಿಕ್ ಸ್ಪೀಕರುಗಳಿವೆ. ಒಂದು ಜಾಗದಲ್ಲಿ ಹದಿನೈದಿಪ್ಪತ್ತು ನಿಮಿಷ ಕಾಯುವುದು, ಏನೂ ಬರದಿದ್ದರೆ ಗಂಟುಮೂಟೆ ಕಟ್ಟಿ ಇನ್ನೊಂದು ಜಾಗಕ್ಕೆ ಹೋಗುವುದು. ದಿನವೆಲ್ಲ ಇದೇ ಕೆಲಸ.

ತೊಡಕು ಶುರುವಾಗುವುದು ಕಯೋಟಿ ಬರಲು ಮನಸ್ಸು ಮಾಡಿದ ಮೇಲೆ. ಅದು ದನಿ ಬಂದ ಕಡೆಗೆ ನೆಟ್ಟಗೆ ಓಡಿ ಬರುವುದು ಅಪರೂಪ. ದೂರದಲ್ಲೇ ನಿಂತು ನೋಡುತ್ತದೆ, ಆಮೇಲೆ ದೊಡ್ಡದೊಂದು ಅರ್ಧಚಂದ್ರ ಸುತ್ತಿ, ಗಾಳಿ ಯಾವ ಕಡೆಗೆ ಬೀಸುತ್ತಿದೆಯೋ ಆ ಕಡೆಗೆ ಹೋಗಿ ಮೂಗೆತ್ತುತ್ತದೆ. ಚೀರುತ್ತಿರುವುದು ಮೊಲವೇ ಆದರೆ ಗಾಳಿಯಲ್ಲಿ ಮೊಲದ ವಾಸನೆ ಇರಬೇಕು. ಸಾಬೂನು, ಕಾಫಿ, ಬಂದೂಕಿಗೆ ಹಚ್ಚಿದ ಎಣ್ಣೆ ಮತ್ತು ಮನುಷ್ಯನ ಬೆವರು ಬಂದರೆ ಅಲ್ಲಿಂದಲೇ ಮಾಯ.

ಗೆಳೆಯ ಬೇಕಾಗುವುದು ಇಲ್ಲಿ. ಒಬ್ಬ ದನಿಯನ್ನು ನೋಡಿಕೊಳ್ಳುತ್ತಾನೆ, ಎದುರಿನ ಬಯಲಿನ ಮೇಲೆ ಕಣ್ಣಿಡುತ್ತಾನೆ. ಇನ್ನೊಬ್ಬ ಗಾಳಿ ಹೋಗುವ ದಿಕ್ಕಿನಲ್ಲಿ ಐವತ್ತು-ನೂರು ಮೀಟರ್ ಆಚೆ ಕುಳಿತು, ಕಯೋಟಿ ಅರ್ಧಚಂದ್ರ ಸುತ್ತುವ ದಾರಿಯನ್ನೇ ಕಾಯುತ್ತಾನೆ. ಇಬ್ಬರೂ ಎಲ್ಲಿ ಕುಳಿತಿದ್ದಾರೆ, ಯಾರು ಯಾವ ದಿಕ್ಕಿಗೆ ಗುಂಡು ಹಾರಿಸಬಹುದು ಎನ್ನುವುದನ್ನು ಕೂರುವ ಮೊದಲೇ ಮಾತಾಡಿಕೊಂಡಿರಬೇಕು. ಮೋಡ ಕವಿದ ಬೆಳಕಿನಲ್ಲಿ, ಮೈಗೆಲ್ಲ ಹುಲ್ಲಿನ ಬಣ್ಣದ ಬಟ್ಟೆ ತೊಟ್ಟವರ ನಡುವೆ ಈ ಮಾತು ತಪ್ಪಿದರೆ ಅನಾಹುತ.

ಮೂಗಿನ ವಿಷಯಕ್ಕೆ ಬರೋಣ. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಐವತ್ತು-ಅರವತ್ತು ಲಕ್ಷದಷ್ಟು. ನಾಯಿಯಲ್ಲಿ ಇವು 20 ಕೋಟಿ ದಾಟುತ್ತವೆ. ಕಯೋಟಿಯ ಮೂಗೂ ಇದೇ ಅಚ್ಚಿನದು. ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು ಐದು ಸಲ ಗಾಳಿ ಎಳೆದು ಬಿಡುತ್ತದೆ. ಬಿಟ್ಟ ಗಾಳಿ ಹೊಳ್ಳೆಗಳ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. ಎಳೆದುಕೊಂಡ ಗಾಳಿಯೂ ಒಳಗೆ ಕವಲೊಡೆಯುತ್ತದೆ. ಒಂದು ಪಾಲು ಶ್ವಾಸಕೋಶಕ್ಕೆ, ಇನ್ನೊಂದು ಪಾಲು ಮೂಗಿನ ಹಿಂಭಾಗದಲ್ಲಿರುವ ಸುರುಳಿ ಸುರುಳಿಯಾದ ಎಲುಬಿನ ಹಾಳೆಗಳ ನಡುವೆ ಸುಳಿದು ವಾಸನೆಯ ಕೋಶಗಳನ್ನು ಮುಟ್ಟುತ್ತದೆ. ಇಂಥ ಮೂಗಿನ ಎದುರು ಕೂತ ಬೇಟೆಗಾರನ ಮೈಯಿಂದ ಕಣ್ಣಿಗೆ ಕಾಣದ ಚರ್ಮದ ಹೊಟ್ಟು ಎಡೆಬಿಡದೆ ಉದುರುತ್ತಿರುತ್ತದೆ. ಒಂದೊಂದು ಹೊಟ್ಟಿನ ಮೇಲೂ ಬ್ಯಾಕ್ಟೀರಿಯಾ, ಎಣ್ಣೆ, ಬೆವರು. ಬಟ್ಟೆಗೆ ಮಣ್ಣು ಬಳಿದುಕೊಂಡರೂ, ವಾಸನೆ ಇಲ್ಲದ ಸಾಬೂನಿನಲ್ಲಿ ಮಿಂದರೂ ಇದು ನಿಲ್ಲುವುದಿಲ್ಲ.

ಮಳೆ ಈ ಆಟದ ನಿಯಮವನ್ನು ಬದಲಿಸುತ್ತದೆ, ಆದರೆ ಬೇಟೆಗಾರ ಬಯಸಿದಂತೆಯೇ ಅಲ್ಲ. ಜೋರು ಮಳೆ ಗಾಳಿಯನ್ನು ತೊಳೆಯುತ್ತದೆ. ಬೀಳುವ ಹನಿಗಳು ತೇಲುತ್ತಿರುವ ಕಣಗಳಿಗೆ ಡಿಕ್ಕಿ ಹೊಡೆದು ನೆಲಕ್ಕೆ ಎಳೆದೊಯ್ಯುತ್ತವೆ, ನೀರಿನಲ್ಲಿ ಕರಗುವ ಅನಿಲಗಳೂ ಹನಿಯೊಳಗೆ ಸೇರಿಹೋಗುತ್ತವೆ. ಆಗ ಮನುಷ್ಯನ ವಾಸನೆ ದೂರ ಸಾಗುವುದು ಕಷ್ಟ. ತುಂತುರು ಹನಿ, ಮಳೆ ಬಿಟ್ಟ ಮೇಲಿನ ತೇವ ಹಾಗಲ್ಲ. ತೇವ ತಾಗಿದ ಹೊಟ್ಟಿನ ಮೇಲೆ ಬ್ಯಾಕ್ಟೀರಿಯಾ ಮತ್ತೆ ಚುರುಕಾಗುತ್ತವೆ. ತಣ್ಣನೆಯ ಗಾಳಿ ನೆಲಕ್ಕೆ ಅಂಟಿ ನಿಧಾನ ಹರಿಯುವುದರಿಂದ ವಾಸನೆ ಮೇಲಕ್ಕೆ ಚದುರಿ ಹೋಗದೆ ಕೆಳಗೇ ಉಳಿಯುತ್ತದೆ. ಪೊಲೀಸ್ ನಾಯಿಗಳನ್ನು ಪಳಗಿಸುವವರಿಗೂ ಇದು ಗೊತ್ತು: ಒಣ ಬಿಸಿಲಿನ ಮಧ್ಯಾಹ್ನಕ್ಕಿಂತ ತೇವದ ಬೆಳಿಗ್ಗೆ ಜಾಡು ಹಿಡಿಯುವುದು ಸುಲಭ.

ಹನಿ ನೆಲಕ್ಕೆ ಬಿದ್ದಾಗ ಇನ್ನೊಂದು ಘಟನೆ ನಡೆಯುತ್ತದೆ. ಒಣ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಏಳುವ ಘಮವನ್ನು 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ನೇಚರ್’ ಪತ್ರಿಕೆಯಲ್ಲಿ ವಿಶ್ಲೇಷಿಸಿದ್ದರು. ಅದು ಗಾಳಿಗೆ ಸೇರುವ ಬಗೆಯನ್ನು 2015ರಲ್ಲಿ ಎಂಐಟಿಯ ಯಂಗ್‌ಸೂ ಜಂಗ್ ಮತ್ತು ಕಲೆನ್ ಬೂಯಿ ಹೈಸ್ಪೀಡ್ ಕ್ಯಾಮೆರಾದಲ್ಲಿ ಸೆರೆಹಿಡಿದರು. ಹನಿ ಚಪ್ಪಟೆಯಾಗುವಾಗ ಮಣ್ಣಿನ ರಂಧ್ರಗಳಲ್ಲಿದ್ದ ಗಾಳಿ ಗುಳ್ಳೆಗಳಾಗಿ ಮೇಲೇರಿ, ಒಡೆದು, ನೆಲದ ವಾಸನೆಯನ್ನು ಹೊತ್ತ ಅತಿಸಣ್ಣ ತುಂತುರನ್ನು ಚಿಮ್ಮಿಸುತ್ತದೆ. ಹಗುರ ಮತ್ತು ಮಧ್ಯಮ ಮಳೆಯಲ್ಲಿ ಇದು ಹೆಚ್ಚು, ಬಿರುಸು ಮಳೆಯಲ್ಲಿ ಕಡಿಮೆ. ಸೋನೆ ದಿನ ಕಯೋಟಿಯ ಮೂಗಿನ ಸುತ್ತ ಮಣ್ಣು, ಕೊಳೆತ ಎಲೆ, ಹುಲ್ಲುಗಳ ವಾಸನೆಯ ಸಂತೆಯೇ ನೆರೆದಿರುತ್ತದೆ. ಬೇಟೆಗಾರನ ಲೆಕ್ಕಾಚಾರ ಆ ಸಂತೆಯಲ್ಲಿ ತನ್ನ ಗುರುತು ಮರೆಸಿಕೊಳ್ಳಬಹುದು ಎಂಬುದು. ಅದೆಷ್ಟು ಫಲಿಸುತ್ತದೆ ಎನ್ನುವುದು ಆ ಕ್ಷಣದ ಗಾಳಿಯ ಕೈಯಲ್ಲಿದೆ.

ಕಿವಿಯ ವಿಷಯದಲ್ಲಿ ಲಾಭ ಹೆಚ್ಚು ಸ್ಪಷ್ಟ. ನೆನೆದ ಎಲೆ ಕಾಲಡಿಯಲ್ಲಿ ಚರಚರ ಅನ್ನುವುದಿಲ್ಲ, ಒದ್ದೆ ಕಡ್ಡಿ ಲಟಕ್ಕನೆ ಮುರಿಯುವುದಿಲ್ಲ. ಕಾರು ನಿಲ್ಲಿಸಿ ಪೊದೆಯವರೆಗೆ ನಡೆದು ಹೋಗುವ ಸದ್ದೇ ಎಷ್ಟೋ ಬೇಟೆಗಳನ್ನು ಕೆಡಿಸುತ್ತದೆ. ಮಳೆ ಆ ಸದ್ದನ್ನು ನುಂಗಿಹಾಕುತ್ತದೆ. ಇನ್ನು ಮೊಲದ ಚೀರಾಟವನ್ನು ದೂರ ಮುಟ್ಟಿಸುವುದರಲ್ಲಿ ತೇವದ ಗಾಳಿ ಅಚ್ಚರಿಯ ಸಹಾಯ ಮಾಡುತ್ತದೆ. ಕೀರಲು ದನಿಗಳನ್ನು ಒಣ ಗಾಳಿ ಬೇಗ ಹೀರಿಕೊಳ್ಳುತ್ತದೆ. ಶಬ್ದತಜ್ಞರು ಬಳಸುವ ಅಂತರರಾಷ್ಟ್ರೀಯ ಮಾನಕದ ಪ್ರಕಾರ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೇವಾಂಶ ಶೇ 20 ಇದ್ದಾಗ 4,000 ಹರ್ಟ್ಸ್‌ನ ದನಿ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಗಾಳಿಯ ಹೀರಿಕೆಯಿಂದಲೇ ಸುಮಾರು 89 ಡೆಸಿಬೆಲ್ ಕಳೆದುಕೊಳ್ಳುತ್ತದೆ. ತೇವಾಂಶ ಶೇ 80ಕ್ಕೆ ಏರಿದರೆ ನಷ್ಟ ಸುಮಾರು 24 ಡೆಸಿಬೆಲ್ ಮಾತ್ರ. ಆದರೆ ಮಳೆ ರಪರಪನೆ ಸುರಿಯತೊಡಗಿದರೆ ಎಲೆಗಳ ಮೇಲೆ ಬೀಳುವ ಹನಿಗಳ ಗದ್ದಲವೇ ಆ ದನಿಯನ್ನು ಮುಚ್ಚಿಬಿಡುತ್ತದೆ. ಅನುಭವಿಗಳು ಸೋನೆಯನ್ನು, ಅದಕ್ಕಿಂತಲೂ ಮಳೆ ಬಿಟ್ಟ ಮೊದಲ ಗಂಟೆಯನ್ನು ಇಷ್ಟಪಡುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಹಾಗಾದರೆ ಕಯೋಟಿ ತಾನೇ ಬೇಟೆಯಾಡುವಾಗ ಮೂಗನ್ನೇ ನಂಬುತ್ತದೆಯೇ? ಮೈಕಲ್ ವೆಲ್ಸ್ ಮತ್ತು ಫಿಲಿಪ್ ಲೇನರ್ 1978ರಲ್ಲಿ ಇದನ್ನು ಪರೀಕ್ಷಿಸಿದರು. ಕೋಣೆಯೊಂದರಲ್ಲಿ ಮೊಲ ಬಿಟ್ಟು, ಕತ್ತಲು ಮಾಡಿಯೋ ಸದ್ದು ಅಡಗಿಸಿಯೋ ವಾಸನೆ ಮರೆಮಾಚಿಯೋ, ಕಯೋಟಿಗೆ ಮೊಲ ಹುಡುಕಲು ಎಷ್ಟು ಹೊತ್ತು ಬೇಕೆಂದು ಅಳೆದರು. ಫಲಿತಾಂಶ ಬೇಟೆಗಾರರ ನಂಬಿಕೆಯನ್ನು ತಲೆಕೆಳಗು ಮಾಡುವಂತಿತ್ತು: ಮೊದಲ ಸ್ಥಾನ ಕಣ್ಣಿಗೆ, ಎರಡನೆಯದು ಕಿವಿಗೆ, ಕೊನೆಯದು ಮೂಗಿಗೆ. ಊಟ ಹುಡುಕಲು ಕಣ್ಣು, ಅಪಾಯ ಖಚಿತಪಡಿಸಿಕೊಳ್ಳಲು ಮೂಗು ಎಂದರೆ ಎರಡೂ ಮಾತಿಗೆ ಹೊಂದುತ್ತದೆ. ನಾಯಿಯಂತೆ ಕಯೋಟಿಗೂ ಕೆಂಪು, ಕಿತ್ತಳೆಗಳ ವ್ಯತ್ಯಾಸ ಸರಿಯಾಗಿ ತಿಳಿಯದು. ಚಲನೆ ಮಾತ್ರ ಚೂರು ಇದ್ದರೂ ಸಿಕ್ಕಿಬೀಳುತ್ತದೆ. ಅದಕ್ಕೇ ಬೇಟೆಗಾರರು ಸ್ಪೀಕರಿನ ಪಕ್ಕ ಅಲ್ಲಾಡುವ ಪುಕ್ಕದ ಗೊಂಚಲೊಂದನ್ನು ನಿಲ್ಲಿಸುತ್ತಾರೆ. ಕಯೋಟಿಯ ನೋಟ ಅದರ ಮೇಲೆ ನೆಟ್ಟಿದ್ದರೆ ಪೊದೆಯಲ್ಲಿ ಸರಿದ ಕೈ ಕಾಣಿಸದೆ ಹೋಗಬಹುದು.

ಮಳೆ ಕಯೋಟಿಯನ್ನೂ ನೆನೆಸುತ್ತದೆ. ಮರಿ ಹಾಕುವ ಕಾಲ ಬಿಟ್ಟರೆ ಅದು ಬಿಲದಲ್ಲಿ ಇರುವುದಿಲ್ಲ, ಪೊದೆಯ ಅಡಿಯಲ್ಲೋ ಹುಲ್ಲಿನ ನಡುವೆಯೋ ಸುರುಳಿ ಸುತ್ತಿ ಮಲಗುತ್ತದೆ. ಮೇಲ್ಪದರದ ಒರಟು ಕೂದಲು ನೀರು ಜಾರಿಸುತ್ತದೆ, ಒಳಗಿನ ದಟ್ಟ ನವಿರು ಬಿಸಿ ಹಿಡಿದಿಡುತ್ತದೆ. ಉಳಿದ ನೀರನ್ನು ಒದರಿ ಹಾಕುತ್ತದೆ. ಜಾರ್ಜಿಯಾ ಟೆಕ್‌ನ ಆಂಡ್ರ್ಯೂ ಡಿಕರ್ಸನ್, ಡೇವಿಡ್ ಹೂ ಮತ್ತು ಸಂಗಡಿಗರು 2012ರಲ್ಲಿ ಇಲಿಯಿಂದ ಕರಡಿಯವರೆಗೆ ಹಲವು ಪ್ರಾಣಿಗಳು ಮೈ ಕೊಡವುವುದನ್ನು ಚಿತ್ರೀಕರಿಸಿದರು. ಪ್ರಾಣಿ ಚಿಕ್ಕದಾದಷ್ಟೂ ವೇಗ ಹೆಚ್ಚು: ಚುಂಡಿಲಿ ಸೆಕೆಂಡಿಗೆ ಸುಮಾರು 30 ಸಲ ಒದರಿದರೆ, ಲ್ಯಾಬ್ರಡಾರ್ ನಾಯಿ ನಾಲ್ಕೈದು ಸಲ. ಆದರೂ ನಾಯಿ ಕೆಲವೇ ಸೆಕೆಂಡುಗಳಲ್ಲಿ ಮೈಯ ಮೇಲಿನ ನೀರಿನ ಬಹುಪಾಲನ್ನು ಚಿಮ್ಮಿಸಿಬಿಡುತ್ತದೆ. ಗಂಟೆಗಟ್ಟಲೆ ಪೊದೆಯಲ್ಲಿ ಕೂತ ಕಯೋಟಿಗಳು ಮಳೆ ಬಿಟ್ಟೊಡನೆ ಮೈ ಕೊಡವಿ ಇಲಿ ಹುಡುಕಲು ಹೊರಡುತ್ತವೆ ಎಂಬುದು ಬೇಟೆಗಾರರ ಎಣಿಕೆ.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡರೂ ದಿನದ ಕೊನೆಗೆ ಕೈ ಖಾಲಿ ಇರುವುದೇ ಹೆಚ್ಚು. ಒಮ್ಮೆ ಗುಂಡಿನಿಂದ ತಪ್ಪಿಸಿಕೊಂಡ ಕಯೋಟಿ ಅದೇ ದನಿಗೆ ಮತ್ತೆ ಸುಲಭವಾಗಿ ಬರುವುದಿಲ್ಲ. ಅಂಥದನ್ನು ಅಮೆರಿಕದ ಬೇಟೆಗಾರರು ‘ಪಾಠ ಕಲಿತ ಕಯೋಟಿ’ ಎನ್ನುತ್ತಾರೆ. ಸಂಜೆಯಾಗುತ್ತಲೇ ಆ ಪಾಠ ಕಲಿತವು ಊಳಿಡುತ್ತವೆ. ಒಂದು ಡಜನ್ ಕಯೋಟಿಗಳು ಸುತ್ತುವರಿದಂತೆ ಕೇಳಿಸಿದರೂ ಅಲ್ಲಿರುವುದು ಹೆಚ್ಚಾಗಿ ಒಂದು ಜೋಡಿ. ದನಿಯ ಸ್ವರವನ್ನು ಸರಸರನೆ ಬದಲಿಸುವುದು, ಗುಡ್ಡ-ಮರಗಳಿಗೆ ತಾಗಿ ಬರುವ ಮಾರ್ದನಿ, ಇವೆರಡೂ ಸೇರಿ ಎರಡು ಪ್ರಾಣಿಗಳನ್ನು ದೊಡ್ಡ ಹಿಂಡಾಗಿ ಕೇಳಿಸುತ್ತವೆ. ಕಣ್ಣು-ಕಿವಿ-ಮೂಗುಗಳ ಪರೀಕ್ಷೆ ಮಾಡಿದ್ದ ಇದೇ ಲೇನರ್ ಕಯೋಟಿಯ ದನಿಗಳನ್ನು ಹನ್ನೊಂದು ಬಗೆಗಳಾಗಿ ವಿಂಗಡಿಸಿದ್ದರು.

ಇಬ್ಬರು ಗೆಳೆಯರ ಈ ಸೋಲು ಒಂದು ದೇಶವೇ ಶತಮಾನ ಕಾಲ ಕಂಡ ಸೋಲಿನ ಚಿಕ್ಕ ರೂಪ. ಕುರಿ-ದನ ಸಾಕುವವರ ಒತ್ತಾಯಕ್ಕೆ ಅಮೆರಿಕದ ಕಾಂಗ್ರೆಸ್ 1931ರಲ್ಲಿ ಕಾಯ್ದೆ ತಂದು ಕಯೋಟಿ, ತೋಳಗಳ ನಿರ್ಮೂಲನೆಯನ್ನು ಸರ್ಕಾರಿ ಕೆಲಸವನ್ನಾಗಿಸಿತು. ಸ್ಟ್ರಿಕ್ನಿನ್ ಬೆರೆಸಿದ ಮಾಂಸ, ಉಕ್ಕಿನ ಕತ್ತರಿ ಬೋನು, ವಿಮಾನದಿಂದ ಗುಂಡು, ಎರಡನೇ ಮಹಾಯುದ್ಧದ ನಂತರ ‘1080’ ಎಂಬ ವಿಷ. ಹದ್ದು, ಸಾಕುನಾಯಿಗಳೂ ಸಾಯತೊಡಗಿದ ಮೇಲೆ 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಜಮೀನುಗಳಲ್ಲಿ ಇಂಥ ವಿಷಗಳನ್ನು ನಿಷೇಧಿಸಿದರು. ಕೊಲ್ಲುವುದು ಮಾತ್ರ ನಿಲ್ಲಲಿಲ್ಲ. ಕೃಷಿ ಇಲಾಖೆಯ ವನ್ಯಜೀವಿ ಸೇವಾ ವಿಭಾಗವೊಂದೇ ವರ್ಷಕ್ಕೆ 60 ಸಾವಿರ ಮೀರಿ ಕಯೋಟಿಗಳನ್ನು ಕೊಂದ ವರ್ಷಗಳಿವೆ. ಯೂಟಾ ರಾಜ್ಯ 2012ರಲ್ಲಿ ಒಂದು ಕಯೋಟಿಗೆ 50 ಡಾಲರ್ ಬಹುಮಾನ ಕೊಡುವ ಯೋಜನೆ ತಂದಿತು.

ಫಲ? ತೋಳ ಅಮೆರಿಕದ ಬಹುಭಾಗದಿಂದ ಕಣ್ಮರೆಯಾಯಿತು. ಕಯೋಟಿ ಮಾತ್ರ ಹರಡುತ್ತಲೇ ಹೋಯಿತು. ಮಧ್ಯದ ಬಯಲು, ಮರುಭೂಮಿಗಳಲ್ಲಿದ್ದ ಪ್ರಾಣಿ ಇಂದು ಹವಾಯಿ ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲಿದೆ. ಉತ್ತರದಲ್ಲಿ ಅಲಾಸ್ಕಾ, ದಕ್ಷಿಣದಲ್ಲಿ 1980ರ ದಶಕದ ಹೊತ್ತಿಗೆ ಪನಾಮಾ. ಅದೇ ದಶಕದಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪವನ್ನೂ ಸೇರಿತು. 1999ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದನ್ನು ಹಿಡಿದರು. 2007ರಲ್ಲಿ ಇನ್ನೊಂದು ಶಿಕಾಗೋ ನಗರದ ನಡುಮಧ್ಯದ ಸ್ಯಾಂಡ್‌ವಿಚ್ ಅಂಗಡಿಗೆ ನುಗ್ಗಿ ತಂಪು ಪಾನೀಯದ ಕಪಾಟಿನಲ್ಲಿ ಹಾಯಾಗಿ ಮಲಗಿತ್ತು. ಶಿಕಾಗೋ ಸುತ್ತ 2000ದಿಂದ ಸ್ಟ್ಯಾನ್ಲಿ ಗರ್ಟ್ ಅವರ ತಂಡ ಸಾವಿರಕ್ಕೂ ಹೆಚ್ಚು ಕಯೋಟಿಗಳಿಗೆ ಗುರುತುಪಟ್ಟಿ ಹಾಕಿ ಅಧ್ಯಯನ ನಡೆಸಿದೆ.

ಇದರ ಗುಟ್ಟು ಸಂತಾನದಲ್ಲಿದೆ. ಕಯೋಟಿಗಳು ತಮ್ಮದೆಂದು ಕಾಯುವ ಒಂದು ಹರವಿನಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಮರಿ ಹಾಕುತ್ತದೆ, ಉಳಿದವು ಸುಮ್ಮನಿರುತ್ತವೆ. ಆ ಜೋಡಿಯನ್ನು ಕೊಂದರೆ ಉಳಿದವೂ ಅಲೆಮಾರಿ ಕಯೋಟಿಗಳೂ ತೆರವಾದ ಜಾಗಕ್ಕೆ ಬಂದು ಸಂಸಾರ ಹೂಡುತ್ತವೆ. ಸಂಖ್ಯೆ ಇಳಿದಾಗ ತಲೆಗೆ ಸಿಗುವ ಇಲಿ-ಮೊಲ ಹೆಚ್ಚುತ್ತದೆ, ಹೊಟ್ಟೆ ತುಂಬಿದ ತಾಯಿ ಹೆಚ್ಚು ಮರಿ ಹಾಕುತ್ತದೆ. ಟೆಕ್ಸಾಸ್‌ನಲ್ಲಿ ಫ್ರೆಡ್ ನೋಲ್ಟನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೊಲ್ಲುವಿಕೆ ಕಡಿಮೆ ಇದ್ದ ಕಡೆ ಸೂಲಿಗೆ ಸರಾಸರಿ 4.3 ಮರಿ, ತೀವ್ರವಾಗಿದ್ದ ಕಡೆ 6.9. ಮೂರು ವರ್ಷಗಳ ನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೈ ಕನಲಿ ಮತ್ತು ವಿಲಿಯಂ ಲಾಂಗ್‌ಹರ್ಸ್ಟ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಕಯೋಟಿಯನ್ನು ನಿರ್ಮೂಲ ಮಾಡಬೇಕೆಂದರೆ ಪ್ರತಿವರ್ಷ ಶೇ 75ರಷ್ಟನ್ನು ಕೊಲ್ಲಬೇಕು, ಅದೂ ಸುಮಾರು ಅರ್ಧ ಶತಮಾನ ಬಿಡದೆ. ಶೇ 75ನ್ನು ಮುಟ್ಟುವುದು ಯಾವ ಸರ್ಕಾರಕ್ಕೂ ಆಗುವ ಕೆಲಸವಲ್ಲ. ಕಯೋಟಿಯನ್ನು ಹದ್ದುಬಸ್ತಿನಲ್ಲಿ ಇಡಬಲ್ಲದ್ದು ಬೇರೊಂದು ಪ್ರಾಣಿ: 1995ರಲ್ಲಿ ಯೆಲ್ಲೋಸ್ಟೋನ್ ಉದ್ಯಾನಕ್ಕೆ ತೋಳಗಳನ್ನು ಮರಳಿ ತಂದ ಮೇಲೆ ಅಲ್ಲಿನ ಲಾಮಾರ್ ಕಣಿವೆಯ ಕಯೋಟಿಗಳು ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿದವು.

ಗೆಳೆಯನ ಜೊತೆ ಬೇಟೆಗೆ ಹೋಗುವುದು ಮನುಷ್ಯರ ಗುತ್ತಿಗೆಯೇನಲ್ಲ. ಕಯೋಟಿಗೂ ಅಂಥ ಜೊತೆಗಾರನಿದ್ದಾನೆ, ನಮ್ಮ ತರಕರಡಿಯ ದೂರದ ನೆಂಟ ಬ್ಯಾಜರ್. ವಯೋಮಿಂಗ್‌ನ ನ್ಯಾಷನಲ್ ಎಲ್ಕ್ ರೆಫ್ಯೂಜ್‌ನಲ್ಲಿ ಸ್ಟೀವನ್ ಮಿಂಟಾ ಮತ್ತು ಸಂಗಡಿಗರು ಈ ಜೋಡಿಗಳನ್ನು ಹಿಂಬಾಲಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಬಯಲಿನ ನೆಲದಳಿಲು ಬಿಲದ ಹೊರಗೆ ಸಿಕ್ಕರೆ ಓಡಿ ಹಿಡಿಯುವುದು ಕಯೋಟಿ, ಬಿಲದಲ್ಲಿ ಅಡಗಿದರೆ ಅಗೆದು ಹಿಡಿಯುವುದು ಬ್ಯಾಜರ್. ಕಯೋಟಿಗೆ ಹೆದರಿ ಬಿಲ ಹೊಕ್ಕ ಅಳಿಲು ಬ್ಯಾಜರ್‌ನ ಉಗುರಿಗೆ, ಬ್ಯಾಜರ್‌ಗೆ ಹೆದರಿ ಹೊರಬಂದದ್ದು ಕಯೋಟಿಯ ಬಾಯಿಗೆ. ಸಿಕ್ಕಿದ್ದನ್ನು ಹಂಚಿಕೊಳ್ಳುವುದಿಲ್ಲ. ಆದರೂ ಜೊತೆಗಿದ್ದ ಕಯೋಟಿಗೆ ಒಂಟಿ ಕಯೋಟಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು ಅಳಿಲು ಸಿಕ್ಕಿತ್ತು. ಕ್ಯಾಲಿಫೋರ್ನಿಯಾದ ಹೆದ್ದಾರಿಯೊಂದರ ಕೆಳಗಿನ ಮೋರಿಯಲ್ಲಿ ಕಯೋಟಿ ಬಾಲ ಕುಣಿಸುತ್ತ ಮುಂದೆ ಹೋಗಿ, ಬ್ಯಾಜರ್ ಹಿಂದೆ ಹಿಂದೆ ತೊನೆಯುತ್ತ ಬಂದ ದೃಶ್ಯವನ್ನು ಕ್ಯಾಮೆರಾ ಹಿಡಿದಿತ್ತು. 2020ರಲ್ಲಿ ಹೊರಬಂದ ಆ ತುಣುಕನ್ನು ಜಗತ್ತಿನಾದ್ಯಂತ ಲಕ್ಷಾಂತರ ಜನ ನೋಡಿದರು.

ಬೇಟೆಯ ಬಗ್ಗೆ ಅಮೆರಿಕದಲ್ಲೇ ಒಮ್ಮತವಿಲ್ಲ. ಹೆಚ್ಚು ಕಯೋಟಿ ಕೊಂದವರಿಗೆ ಬಹುಮಾನ ಕೊಡುವ ಸ್ಪರ್ಧೆಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ ನಿಷೇಧಿಸಿತು. ವರ್ಮಾಂಟ್, ನ್ಯೂ ಮೆಕ್ಸಿಕೊ, ಅರಿಜೋನಾ, ಕೊಲೊರಾಡೊ ರಾಜ್ಯಗಳು ಅದನ್ನೇ ಅನುಸರಿಸಿದವು. ಹಲವು ರಾಜ್ಯಗಳಲ್ಲಿ ಮಾತ್ರ ಇಂದಿಗೂ ವರ್ಷವಿಡೀ, ಎಷ್ಟು ಬೇಕಾದರೂ ಕೊಲ್ಲಬಹುದು. ಭಾರತದಲ್ಲಿ ನರಿಗೆ ಬಂದೂಕು ಎತ್ತುವುದೇ ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಅದನ್ನು ಮೊದಲನೇ ಪರಿಚ್ಛೇದಕ್ಕೆ ಏರಿಸಿದೆ.

ಕುರಿಗಾರನ ನಷ್ಟ ಸುಳ್ಳಲ್ಲ, ಪರಭಕ್ಷಕಗಳಿಂದ ಸಾಯುವ ಅಮೆರಿಕದ ಕುರಿಗಳಲ್ಲಿ ದೊಡ್ಡ ಪಾಲು ಕಯೋಟಿಯ ಬಾಯಿಗೇ ಹೋಗುತ್ತದೆ. ಪ್ರಶ್ನೆ ಇರುವುದು ಯಾವ ಕಯೋಟಿ ಎಂಬುದರಲ್ಲಿ. ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ರೇಡಿಯೊ ಪಟ್ಟಿ ಹಾಕಿ ನೋಡಿದಾಗ, ಕುರಿ ಕೊಲ್ಲುತ್ತಿದ್ದವು ಮುಖ್ಯವಾಗಿ ಆ ಹರವಿನ ಒಡೆತನದ ಮರಿಹಾಕುವ ಜೋಡಿಗಳೆಂದು ತಿಳಿಯಿತು. ಪೀಪಿ ಊದಿ ಕರೆದು ಕೈಗೆ ಸಿಕ್ಕಿದ್ದನ್ನು ಹೊಡೆದರೆ ಆ ಜೋಡಿಯೇ ಸಿಗುತ್ತದೆಂಬ ಖಾತ್ರಿ ಇಲ್ಲ. ಯೂಟಾದಲ್ಲಿ ಕ್ಯಾಸಿಟಿ ಬ್ರೋಮ್ಲಿ ಮತ್ತು ಎರಿಕ್ ಗೀಸ್ ಕಯೋಟಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಮರಿ ಹಾಕದಂತೆ ಮಾಡಿದರು. 2001ರ ಅವರ ವರದಿಯಂತೆ ಆ ಜೋಡಿಗಳು ತಮ್ಮ ಹರವನ್ನು ಮೊದಲಿನಂತೆಯೇ ಕಾಯ್ದುಕೊಂಡವು. ಸಾಕಬೇಕಾದ ಮರಿಗಳಿಲ್ಲದ ಕಾರಣ ಕುರಿಮರಿಗಳನ್ನು ಕೊಲ್ಲುವುದು ಗಣನೀಯವಾಗಿ ಇಳಿಯಿತು. ಇನ್ನೂ ಸುಲಭದ ದಾರಿಯನ್ನು ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನ ರೇ ಕಾಪಿಂಜರ್ 1970ರ ದಶಕದಲ್ಲೇ ತೋರಿಸಿದ್ದರು: ಯುರೋಪ್, ಟರ್ಕಿಗಳಿಂದ ಕುರಿ ಕಾಯುವ ನಾಯಿಗಳ ತಳಿಗಳನ್ನು ತಂದು ಅಮೆರಿಕದ ರೈತರಿಗೆ ಕೊಟ್ಟರು. ಬಯಲುಸೀಮೆಯ ನಮ್ಮ ಕುರಿಗಾರರು ತೋಳದ ಭಯಕ್ಕೆ ಹಟ್ಟಿಯ ಸುತ್ತ ನಾಯಿ ಕಟ್ಟಿಕೊಂಡು ಬಂದದ್ದೂ ಇದೇ ದಾರಿ. ಸೋನೆಮಳೆಯಲ್ಲಿ ಇಬ್ಬರು ಗೆಳೆಯರು ಹೊಡೆದು ತರುವ ಒಂದೋ ಎರಡೋ ಕಯೋಟಿಗಳಿಂದ ಅವರ ಹವ್ಯಾಸ ತಣಿಯಬಹುದು. ಕುರಿ ಉಳಿಸುವ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುವುದು ದೊಡ್ಡಿಯ ಬೇಲಿ ಮತ್ತು ಕಾವಲಿನ ನಾಯಿ.